ಆಫೀಸಿಗೊಂದು ಸ್ವಂತ ಮೆಸೇಜ್ ಸರ್ವರ್: ಮೈಸೂರು–ಮಂಡ್ಯದ ಸಣ್ಣ ಉದ್ದಿಮೆಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಸೇಜ್ ಸರ್ವರ್ ಎಂದರೆ ನೌಕರರ ಮಾತು, ಫೋಟೋ, ಫೈಲುಗಳನ್ನು ಒಬ್ಬರಿಂದೊಬ್ಬರಿಗೆ ತಲುಪಿಸಿ ಉಳಿಸಿಕೊಳ್ಳುವ ಕಂಪ್ಯೂಟರ್. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಸುಮಾರು 40 ಜನರ ಸಂಸ್ಥೆ. ಮೈಸೂರಿನಲ್ಲಿ ಕಚೇರಿ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಘಟಕ, ಮಂಡ್ಯದ ಹತ್ತಿರ ತೂಬಿನಕೆರೆಯಲ್ಲಿ ಗೋಡೌನ್. ಅಗರಬತ್ತಿಯೋ ಅಕ್ಕಿಯೋ ಬಿಡಿಭಾಗವೋ, ಸರ್ವರಿಗೆ ಎಲ್ಲ ಒಂದೇ. ಕೆಳಗೆ ಕನ್ನಡದಲ್ಲಿ ಬರೆದಿರುವ ಮೆನು, ಫೈಲ್ ಹೆಸರುಗಳು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ಟೈಪ್ ಮಾಡುವಾಗಲೂ ಹಾಗೆಯೇ ಮಾಡಬೇಕು.

ವಾಟ್ಸಾಪ್ ಗ್ರೂಪ್ ಇದೆಯಲ್ಲ, ಇದೆಲ್ಲ ಯಾಕೆ ಬೇಕು?

ಹತ್ತು ಜನರೊಳಗಿನ ಅಂಗಡಿಯಾದರೆ ಬೇಡ. ಗ್ರೂಪೇ ಸಾಕು. ಜನ ಜಾಸ್ತಿಯಾದಾಗ ಮೂರು ತೊಂದರೆ ಶುರುವಾಗುತ್ತವೆ. ಕೆಲಸ ಬಿಟ್ಟವರನ್ನು ಗ್ರೂಪಿನಿಂದ ತೆಗೆಯಲು ಯಾರಿಗೂ ನೆನಪಿರುವುದಿಲ್ಲ, ರೇಟಿನ ಪಟ್ಟಿ ಅವರ ಫೋನಿಗೂ ಹೋಗುತ್ತಿರುತ್ತದೆ. ಇನ್‌ವಾಯ್ಸ್ ಫೋಟೋ ಮನೆಯ ಮದುವೆ ಫೋಟೋಗಳ ಜೊತೆ ಬೆರೆತಿರುತ್ತದೆ. ಹೋದ ವರ್ಷದ ಮಾತು ಬೇಕೆಂದರೆ ಯಾರ ಫೋನಿನಲ್ಲಿ ಉಳಿದಿದೆಯೋ ಅವರನ್ನೇ ಹುಡುಕಬೇಕು. ಸ್ವಂತ ಸರ್ವರಿನಲ್ಲಿ ಖಾತೆ, ಫೈಲು, ದಾಖಲೆ ಮೂರೂ ಸಂಸ್ಥೆಯ ಕೈಯಲ್ಲಿರುತ್ತವೆ. ಗಿರಾಕಿಗಳು ಮಾತ್ರ ವಾಟ್ಸಾಪಿನಲ್ಲೇ ಇರುತ್ತಾರೆ, ಅವರನ್ನು ಇಲ್ಲಿಗೆ ಎಳೆಯಲು ಹೋಗಬೇಡಿ.

ಯಾವ ಸಾಫ್ಟ್‌ವೇರ್ ಹಾಕೋಣ?

ಎಕ್ಸ್‌ಎಂಪಿಪಿ ಎಂಬ ಮುಕ್ತ ಪದ್ಧತಿಯ ಓಪನ್‌ಫೈರ್. ಜಾಬರ್ ಎಂಬ ಹೆಸರಿನಲ್ಲಿ 1999ರಲ್ಲಿ ಹೊರಬಂದ ಪದ್ಧತಿ ಇದು; ಸರ್ವರ್ ಒಬ್ಬರದು, ಫೋನಿನ ಆಪ್ ಇನ್ನೊಬ್ಬರದು ಆದರೂ ನಡೆಯುತ್ತದೆ. ಓಪನ್‌ಫೈರಿಗೆ ಲೈಸೆನ್ಸ್ ಹಣವಿಲ್ಲ, ಎಲ್ಲ ಸೆಟ್ಟಿಂಗ್ ಬ್ರೌಸರಿನಲ್ಲೇ ಸಿಗುತ್ತದೆ. ಪ್ರೊಸೊಡಿ ಇನ್ನೂ ಹಗುರ, ಆದರೆ ಕಾನ್ಫಿಗ್ ಫೈಲ್ ಕೈಯಲ್ಲಿ ತಿದ್ದಬೇಕು. ಲಿನಕ್ಸ್ ಬಲ್ಲವರು ಆಫೀಸಿನಲ್ಲೇ ಇದ್ದರೆ ಅದೂ ಒಳ್ಳೆಯದೇ. ಮ್ಯಾಟರ್‌ಮೋಸ್ಟ್, ರಾಕೆಟ್.ಚಾಟ್, ಮೇಟ್ರಿಕ್ಸ್ ಪದ್ಧತಿಯ ಸಿನಾಪ್ಸ್ ನೋಡಲು ಚೆಂದ, ಹೆಚ್ಚು ರ್‍ಯಾಮ್ ಕೇಳುತ್ತವೆ. ಗೇಟಿನ ಹಳೆಯ ಕಂಪ್ಯೂಟರಿನಲ್ಲೂ ಓಡಬೇಕೆಂದರೆ ಓಪನ್‌ಫೈರ್ ಸರ್ವರ್, ಅದರ ಜೊತೆ ಸ್ಪಾರ್ಕ್ ಎಂಬ ಡೆಸ್ಕ್‌ಟಾಪ್ ಆಪ್ ಸಾಕು.

ಎಂಥ ಕಂಪ್ಯೂಟರ್ ಬೇಕು?

ಎರಡು ಕೋರ್ ಪ್ರೊಸೆಸರ್, 4 ಜಿಬಿ ರ್‍ಯಾಮ್ ಇರುವ ಸಣ್ಣ ಡಬ್ಬ ಸಾಕು. 8 ಜಿಬಿ ಇದ್ದರೆ ಮುಂದೆ ಯೋಚನೆ ಇರುವುದಿಲ್ಲ. ಹಣ ಹಾಕುವುದಿದ್ದರೆ ಡಿಸ್ಕಿಗೆ ಹಾಕಿ. ಒಂದೇ ಅಳತೆಯ ಎರಡು ಎಸ್‌ಎಸ್‌ಡಿ ತೆಗೆದುಕೊಂಡು ಮಿರರ್ ಮಾಡಿ (ಎರಡರಲ್ಲೂ ಒಂದೇ ಮಾಹಿತಿ ಬರೆಯುವಂತೆ), ಒಂದು ಕೈಕೊಟ್ಟರೂ ಇನ್ನೊಂದು ನಡೆಸುತ್ತದೆ. ಗಾತ್ರದ ಲೆಕ್ಕ ಹೀಗೆ: 40 ಜನ, ದಿನಕ್ಕೆ ಹತ್ತು ಫೋಟೋ ಅಥವಾ ಪಿಡಿಎಫ್, ಒಂದಕ್ಕೆ 1 ಎಂಬಿ ಅಂದರೆ ದಿನಕ್ಕೆ 400 ಎಂಬಿ. ತಿಂಗಳಿಗೆ 25 ಕೆಲಸದ ದಿನ ಹಿಡಿದರೆ 10 ಜಿಬಿ, ವರ್ಷಕ್ಕೆ 120 ಜಿಬಿ. ಬರೀ ಅಕ್ಷರದ ಮೆಸೇಜುಗಳು ಇದರ ಮುಂದೆ ಲೆಕ್ಕಕ್ಕೇ ಇಲ್ಲ. 500 ಜಿಬಿ ಡಿಸ್ಕ್ ಮೂರು ವರ್ಷಕ್ಕೆ ಆರಾಮ.

ಡಬ್ಬವನ್ನು ಪ್ಯಾಕಿಂಗ್ ಹಾಲಿನಲ್ಲಿ ಇಡಬೇಡಿ. ಅಗರಬತ್ತಿಯ ಮಸಾಲೆ ಪುಡಿ, ರೈಸ್‌ಮಿಲ್ಲಿನ ತೌಡಿನ ದೂಳು ಫ್ಯಾನಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತವೆ. ಬೇಸಿಗೆಯಲ್ಲಿ ಸರ್ವರ್ ತಾನಾಗಿ ಆಫ್ ಆಗುತ್ತಿದ್ದರೆ ಮೊದಲು ಬಿಚ್ಚಿ ನೋಡಬೇಕಾದ್ದು ಫ್ಯಾನನ್ನೇ.

ಇನ್‌ಸ್ಟಾಲ್ ಮಾಡುವ ಮೊದಲು ಏನು ತೀರ್ಮಾನಿಸಬೇಕು?

ಹೆಸರು. ಅರ್ಧ ದಿನದಲ್ಲಿ ಮುಗಿಯುವ ಈ ಕೆಲಸದಲ್ಲಿ ಆಮೇಲೆ ಬದಲಿಸಲು ಕಷ್ಟವಾದದ್ದು ಇದೊಂದೇ. ಪ್ರತಿಯೊಬ್ಬರ ವಿಳಾಸ ಇಮೇಲಿನಂತೆಯೇ ಇರುತ್ತದೆ: ಬಳಕೆದಾರನ ಹೆಸರು, ಅಟ್ ಗುರುತು, ಡೊಮೇನ್. ಆ ಡೊಮೇನ್ ಎಲ್ಲರ ಸಂಪರ್ಕ ಪಟ್ಟಿಯಲ್ಲಿ, ರೂಮಿನ ಸದಸ್ಯತ್ವದಲ್ಲಿ, ಹಳೆಯ ದಾಖಲೆಯಲ್ಲಿ ಕೂತುಬಿಡುತ್ತದೆ. ಆರು ತಿಂಗಳ ನಂತರ ಬದಲಿಸಿದರೆ ಹೊಸದಾಗಿ ಕಟ್ಟಿದಷ್ಟೇ ಕೆಲಸ.

ಐಪಿ ನಂಬರನ್ನು (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಡೊಮೇನ್ ಆಗಿ ಕೊಡಬೇಡಿ. 'ಡಾಟ್ ಲೋಕಲ್' ಎಂದು ಮುಗಿಯುವ ಹೆಸರೂ ಬೇಡ. ಪ್ರಿಂಟರ್, ಫೋನುಗಳು ತಮ್ಮತಮ್ಮಲ್ಲೇ ಹುಡುಕಾಡಲು ಆ ಹೆಸರನ್ನು ಬಳಸುತ್ತವೆ, ಹಾಗಾಗಿ ಒಂದು ಕಂಪ್ಯೂಟರಿಗೆ ಸಿಕ್ಕಿದ್ದು ಇನ್ನೊಂದು ಫೋನಿಗೆ ಸಿಗುವುದಿಲ್ಲ. ಸಂಸ್ಥೆಗೆ ವೆಬ್‌ಸೈಟ್ ಇದ್ದರೆ ಅದೇ ಡೊಮೇನಿನ ಮುಂದೆ 'ಚಾಟ್' ಸೇರಿಸಿ. ಇಲ್ಲದಿದ್ದರೆ 'ಡಾಟ್ ಇನ್' ಡೊಮೇನ್ ಒಂದನ್ನು ಸಂಸ್ಥೆಯ ಹೆಸರಲ್ಲೇ ಕೊಳ್ಳಿ. ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗನ ಹೆಸರಿನಲ್ಲಲ್ಲ.

ಬಳಕೆದಾರರ ಹೆಸರಿಗೂ ಒಂದು ಪದ್ಧತಿ ಇರಲಿ. ನಮ್ಮ ಕಡೆ ಒಂದು ಆಫೀಸಿನಲ್ಲಿ ಮೂರು ಜನ ಮಂಜುನಾಥ ಇರುವುದು ಮಾಮೂಲು. ಹೆಸರಿನ ಜೊತೆ ಇನಿಷಿಯಲ್ ಕಡ್ಡಾಯ ಮಾಡಿ. ಗೇಟ್, ಡಿಸ್ಪ್ಯಾಚ್ ಮುಂತಾದ ಕಡೆ ಪಾಳಿಗೊಬ್ಬರು ಬದಲಾಗುವುದರಿಂದ ಅಲ್ಲಿಗೆ ಜಾಗದ ಹೆಸರಲ್ಲೇ ಖಾತೆ ಕೊಡಿ. ಎಲ್ಲ ಸಣ್ಣಕ್ಷರ, ನಡುವೆ ಜಾಗ ಬೇಡ.

ಇನ್‌ಸ್ಟಾಲ್ ಮಾಡುವ ಕ್ರಮ ಏನು?

ಡೆಬಿಯನ್ ಅಥವಾ ಉಬುಂಟು ಸರ್ವರ್ ಹಾಕಿ, ರೌಟರಿನಲ್ಲಿ ಆ ಡಬ್ಬಕ್ಕೆ ಬದಲಾಗದ ಒಳ ಐಪಿ ಕೊಡಿ. ಮೊದಲು ಜಾವಾ 17, ಆಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಕೊನೆಗೆ ಓಪನ್‌ಫೈರ್ ಪ್ಯಾಕೇಜ್. ಪೋಸ್ಟ್‌ಗ್ರೆಸ್‌ನಲ್ಲಿ ಓಪನ್‌ಫೈರಿಗೆಂದೇ ಒಬ್ಬ ಬಳಕೆದಾರ, ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಸುವ ಸಂಕೇತ ಪದ್ಧತಿ) ಇರುವ ಒಂದು ಖಾಲಿ ಡೇಟಾಬೇಸ್ ಮಾಡಿಕೊಳ್ಳಿ. ನಂತರ ಅದೇ ನೆಟ್‌ವರ್ಕಿನ ಬ್ರೌಸರಿನಲ್ಲಿ ಸರ್ವರಿನ ಐಪಿ, ಪೋರ್ಟ್ (ಒಂದೊಂದು ಸೇವೆಯ ಬಾಗಿಲ ಸಂಖ್ಯೆ) 9090 ತೆರೆದರೆ ಸೆಟಪ್ ಶುರುವಾಗುತ್ತದೆ.

ಭಾಷೆಯಾದ ಮೇಲೆ ಡೊಮೇನ್ ಕೇಳುತ್ತದೆ; ಮೇಲೆ ಹೇಳಿದ ಹೆಸರು ಅಲ್ಲಿಗೆ. ಡೇಟಾಬೇಸ್ ಪುಟದಲ್ಲಿ 'ಎಂಬೆಡೆಡ್' ಎಂಬ ಸುಲಭದ ಆಯ್ಕೆ ಕಾಣುತ್ತದೆ, ಅದು ಪರೀಕ್ಷೆಗೆ ಮಾತ್ರ. 'ಸ್ಟ್ಯಾಂಡರ್ಡ್' ಆರಿಸಿ. ಮಾದರಿ ಸಾಲಿನಲ್ಲಿ ಹೋಸ್ಟ್‌ನೇಮ್, ಡೇಟಾಬೇಸ್‌ನೇಮ್ ಎಂದಿರುವ ಜಾಗದಲ್ಲಿ ನಿಮ್ಮದನ್ನು ತುಂಬಿ. ಹಾಗೇ ಬಿಟ್ಟು ಮುಂದೆ ಒತ್ತಿ 'ಕನೆಕ್ಷನ್ ಆಗ್ತಿಲ್ಲ' ಎನ್ನುವವರು ಬಹಳ. ಪ್ರೊಫೈಲ್ ಪುಟದಲ್ಲಿ 'ಡೀಫಾಲ್ಟ್' ಇರಲಿ. ಕೊನೆಯಲ್ಲಿ ಅಡ್ಮಿನ್ ಪಾಸ್‌ವರ್ಡ್. ಲಾಗಿನ್ ಆಗುವಾಗ 'ಅಡ್ಮಿನ್' ಎಂದೇ ಕೊಡಬೇಕು, ಇಮೇಲ್ ಅಲ್ಲ. ಸರಿಯಾದ ಪಾಸ್‌ವರ್ಡನ್ನೂ ಒಪ್ಪದಿದ್ದರೆ ಓಪನ್‌ಫೈರ್ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಸೆಟಪ್ ಮುಗಿಯಿತು. ಇವತ್ತೇ ಎಲ್ಲರಿಗೂ ಕೊಟ್ಟುಬಿಡಬಹುದೇ?

ಅರ್ಧ ಗಂಟೆ ತಡೆಯಿರಿ. 'ರಿಜಿಸ್ಟ್ರೇಷನ್ ಅಂಡ್ ಲಾಗಿನ್' ಪುಟದಲ್ಲಿ ಯಾರು ಬೇಕಾದರೂ ಖಾತೆ ತೆರೆಯುವ ಸೌಲಭ್ಯವನ್ನೂ ಅನಾಮಧೇಯ ಲಾಗಿನನ್ನೂ ಮುಚ್ಚಿ. 'ಸರ್ವರ್ ಟು ಸರ್ವರ್' ನಿಲ್ಲಿಸಿ. ಹೊರಗಿನ ಸರ್ವರುಗಳ ಜೊತೆ ನಿಮಗೆ ಮಾತಿಲ್ಲ.

ಅಡ್ಮಿನ್ ಪುಟದ 9090, 9091 ಪೋರ್ಟುಗಳನ್ನು ಯಾವ ಕಾರಣಕ್ಕೂ ಇಂಟರ್ನೆಟ್ಟಿಗೆ ತೆರೆಯಬೇಡಿ. ಇದು ಬರೀ ಹೆದರಿಕೆಯ ಮಾತಲ್ಲ. ಪಾಸ್‌ವರ್ಡ್ ಇಲ್ಲದೆಯೇ ಅಡ್ಮಿನ್ ಪುಟದೊಳಗೆ ನುಗ್ಗಬಹುದಾದ ದೋಷ 2023ರಲ್ಲಿ ಬಯಲಾಯಿತು. 4.7.5 ಮತ್ತು 4.6.8 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು, ಆದರೆ ಅಪ್‌ಡೇಟ್ ಮಾಡದ ಸರ್ವರುಗಳಿಗೆ ಕಳ್ಳರು ನುಗ್ಗಿದರು. ಅಡ್ಮಿನ್ ಪುಟವನ್ನು ಹೊರಗೆ ತೆರೆಯದಿದ್ದವರ ಬಾಗಿಲಿಗೇ ಅವರು ಬರಲಾಗಲಿಲ್ಲ. ಫೈರ್‌ವಾಲಿನಲ್ಲಿ ಆ ಎರಡು ಪೋರ್ಟನ್ನು ಒಂದೇ ಒಂದು ಕಂಪ್ಯೂಟರಿಗೆ ಬಿಡಿ. ಉಳಿದವರಿಗೆ ಬೇಕಾದದ್ದು ಮೆಸೇಜಿಗೆ 5222, ಫೈಲಿಗೆ 7443, ಅಷ್ಟೇ.

ಎಲ್ಲರೂ ಎಲ್ಲರನ್ನೂ ಒಬ್ಬೊಬ್ಬರಾಗಿ ಸೇರಿಸಿಕೊಳ್ಳಬೇಕೇ?

ಬೇಡ, 40 ಜನಕ್ಕೆ ಅದು 780 ಜೋಡಿ ಆಗುತ್ತದೆ. 'ಗ್ರೂಪ್ಸ್' ಪುಟದಲ್ಲಿ ಅಕೌಂಟ್ಸ್, ಪ್ರೊಡಕ್ಷನ್, ಗೋಡೌನ್ ಎಂದು ಗುಂಪು ಮಾಡಿ ಸಂಪರ್ಕ ಪಟ್ಟಿ ಹಂಚಿಕೆ ಆನ್ ಮಾಡಿದರೆ ಎಲ್ಲರ ಪರದೆಯಲ್ಲೂ ತಾನಾಗಿ ಬರುತ್ತದೆ. ಲೋಡಿಂಗ್‌ನಂಥ ಸಾಮೂಹಿಕ ಮಾತಿಗೆ 'ಗ್ರೂಪ್ ಚಾಟ್' ರೂಮ್ ತೆರೆಯುವಾಗ 'ಪರ್ಸಿಸ್ಟೆಂಟ್' ಗುರುತು ಹಾಕಲು ಮರೆಯಬೇಡಿ. ಇಲ್ಲದಿದ್ದರೆ ರಾತ್ರಿ ಕೊನೆಯವರು ಹೊರಟ ಕೂಡಲೇ ರೂಮೇ ಮಾಯ.

ಸರ್ಟಿಫಿಕೇಟ್ ಇಲ್ಲದೆ ನಡೆಯುವುದಿಲ್ಲವೇ?

ಸರ್ಟಿಫಿಕೇಟ್ ಎಂದರೆ ಇದು ನಿಮ್ಮದೇ ಸರ್ವರ್ ಎಂದು ಫೋನಿಗೆ ತೋರಿಸುವ ಗುರುತಿನ ಪತ್ರ. ಓಪನ್‌ಫೈರ್ ತಾನೇ ಸಹಿ ಮಾಡಿಕೊಂಡ ಒಂದನ್ನು ಹುಟ್ಟುಹಾಕುತ್ತದೆ. ನಡೆಯುತ್ತದೆ, ಆದರೆ ಪ್ರತಿ ಫೋನೂ ಎಚ್ಚರಿಕೆ ಕೊಡುತ್ತದೆ, ಜನ ನೋಡದೆ 'ಓಕೆ' ಒತ್ತುವುದನ್ನು ಕಲಿಯುತ್ತಾರೆ. ನಾಳೆ ನಿಜವಾದ ಮೋಸ ಬಂದಾಗಲೂ ಒತ್ತುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದು ಉಚಿತ. ಸರ್ವರನ್ನು ಹೊರಗೆ ತೆರೆಯದಿದ್ದರೂ ಡಿಎನ್‌ಎಸ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಎಂದು ಹೇಳುವ ಪಟ್ಟಿ) ಅವರು ಹೇಳಿದ ಒಂದು ಸಾಲು ಸೇರಿಸಿ ಡೊಮೇನ್ ನಿಮ್ಮದೆಂದು ತೋರಿಸಿದರೆ ಸಾಕು. ನಿಜವಾದ ಡೊಮೇನ್ ಕೊಳ್ಳಿ ಎಂದದ್ದು ಇದಕ್ಕೂ ಹೌದು. ಅದರ ಆಯಸ್ಸು ಹೆಚ್ಚೆಂದರೆ 90 ದಿನ. ಕೈಯಲ್ಲಿ ನವೀಕರಿಸುತ್ತೇವೆ ಎಂದವರು ಎರಡನೇ ಸಲಕ್ಕೇ ಮರೆತಿರುತ್ತಾರೆ. ತಾನಾಗಿ ನವೀಕರಿಸುವ ಸರ್ಟ್‌ಬಾಟ್ ಎಂಬ ಸಾಫ್ಟ್‌ವೇರಿಗೆ ವಹಿಸಿ, ಹೊಸದನ್ನು ಓಪನ್‌ಫೈರಿಗೆ ತಲುಪಿಸಲು 'ಸರ್ಟಿಫಿಕೇಟ್ ಮ್ಯಾನೇಜರ್' ಪ್ಲಗಿನ್ (ಓಪನ್‌ಫೈರಿಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿಕೊಳ್ಳಿ.

ಮಂಡ್ಯದ ಗೋಡೌನಿನವರು ಸೇರುವುದು ಹೇಗೆ?

ಮೈಸೂರಿನ ರೌಟರಿನಲ್ಲಿ 'ವ್ಯಾನ್ ಐಪಿ' (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಹೊರ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಆಗ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಸರ್ವರಿಗೆ ದಾಟಿಸುವ ರೌಟರ್ ಸೆಟ್ಟಿಂಗ್) ಎಷ್ಟು ಮಾಡಿದರೂ ಹೊರಗಿನವರು ಒಳಗೆ ಬರಲಾರರು. ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಇರುವ, ಬದಲಾಗದ ಹೊರ ಐಪಿ) ಕೇಳಿ ಹಾಕಿಸಿಕೊಳ್ಳಿ.

ಅದಾದ ಮೇಲೂ 5222 ಅನ್ನು ಲೋಕಕ್ಕೆಲ್ಲ ತೆರೆಯುವ ಬದಲು ವೈರ್‌ಗಾರ್ಡ್ ವಿಪಿಎನ್ (ಎರಡು ಕಡೆಯ ನೆಟ್‌ವರ್ಕನ್ನು ಇಂಟರ್ನೆಟ್ ಮೂಲಕ ಗುಟ್ಟಾಗಿ ಜೋಡಿಸುವ ಸುರಂಗ) ಹಾಕುವುದು ವಾಸಿ. ಹೊರಗೆ ತೆರೆಯುವುದು ಅದರ ಯುಡಿಪಿ 51820 ಒಂದೇ. ಎರಡೂ ಕಡೆಯ ಒಳ ನೆಟ್‌ವರ್ಕ್ ನಂಬರ್ ಬೇರೆಬೇರೆ ಇರಬೇಕು. ಎರಡು ಕಡೆಯೂ ರೌಟರ್ ಬಂದ ಹಾಗೇ 192.168.1 ಇಟ್ಟುಕೊಂಡಿದ್ದರೆ ಸರ್ವರ್ ಯಾವ ಕಡೆಯದೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೈಸೂರಿನಲ್ಲಿ 192.168.10, ತೂಬಿನಕೆರೆಯಲ್ಲಿ 192.168.20 ಮಾಡಿ.

ಅಕ್ಷರದ ಮೆಸೇಜ್ ಹೋಗುತ್ತದೆ, ಫೋಟೋ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಯಾಕೆ?

ವಿಪಿಎನ್ ಮೂಲಕ ಬರುವವರಿಗೆ ಮಾತ್ರ ಹೀಗಾದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತೊಂದರೆ. ಬ್ರಾಡ್‌ಬ್ಯಾಂಡ್ ಪಿಪಿಪಿಒಇ ಲಾಗಿನ್ ಬಳಸಿದರೆ ಒಂದು ಪ್ಯಾಕೆಟ್ಟಿಗೆ 1500 ಬೈಟ್ ಬದಲು 1492 ಹಿಡಿಯುತ್ತದೆ. ವೈರ್‌ಗಾರ್ಡ್ ತನ್ನ ಹೊದಿಕೆಗೆ 80 ಬಿಟ್ಟುಕೊಂಡು 1420 ಎಂದು ಲೆಕ್ಕ ಹಾಕಿರುತ್ತದೆ, ನಿಮಗೆ ಬೇಕಾದದ್ದು 1412. ಚಿಕ್ಕ ಮೆಸೇಜ್ ನುಸುಳುತ್ತದೆ, ತುಂಬಿದ ಪ್ಯಾಕೆಟ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ತುದಿಯಲ್ಲಿ 1412 ಹಾಕಿ. ಆಫೀಸಿನ ಒಳಗೂ ಹೀಗೇ ಆದರೆ 'ಎಚ್‌ಟಿಟಿಪಿ ಫೈಲ್ ಅಪ್‌ಲೋಡ್' ಪ್ಲಗಿನ್ ಹಾಕಿದ್ದೀರಾ, 7443 ತೆರೆದಿದೆಯಾ ನೋಡಿ. ಆ ಪ್ಲಗಿನ್ ಫೈಲುಗಳನ್ನು ಯಾವ ಫೋಲ್ಡರಿಗೆ ಹಾಕುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. ತಾತ್ಕಾಲಿಕ ಫೋಲ್ಡರ್ ಆಗಿದ್ದರೆ ರೀಸ್ಟಾರ್ಟ್ ಆದ ದಿನ ಹಳೆಯ ಇನ್‌ವಾಯ್ಸುಗಳೆಲ್ಲ ಖಾಲಿ.

ಫೋನು ಮನೆಯಿಂದ ಕನೆಕ್ಟ್ ಆಗುತ್ತದೆ, ಆಫೀಸಿನ ವೈಫೈಗೆ ಬಂದರೆ ಆಗುವುದಿಲ್ಲ. ವಿಚಿತ್ರವಲ್ಲವೇ?

5222 ಅನ್ನು ಹೊರಗೆ ತೆರೆದವರಿಗೆ ಬರುವ ತೊಂದರೆ ಇದು. ಒಳಗಿನ ಫೋನು ಹೊರ ಐಪಿಗೆ ಹೋಗಿ ಅಲ್ಲಿಂದ ತಿರುಗಿ ಒಳಗೆ ಬರಬೇಕು, ಬಹಳಷ್ಟು ಅಗ್ಗದ ರೌಟರುಗಳು ಆ ಯೂ-ಟರ್ನ್ ಬಿಡುವುದಿಲ್ಲ. ಆಫೀಸಿನ ಒಳಗಿನ ಡಿಎನ್‌ಎಸ್‌ನಲ್ಲಿ ಅದೇ ಹೆಸರಿಗೆ ಒಳ ಐಪಿ ಕೊಟ್ಟರೆ ಸರಿಹೋಗುತ್ತದೆ.

ಫೋನಿಗೆ ಯಾವ ಆಪ್? ಮೆಸೇಜ್ ಬಂದದ್ದೇ ಗೊತ್ತಾಗುವುದಿಲ್ಲವಲ್ಲ?

ಆಂಡ್ರಾಯ್ಡಿಗೆ ಕಾನ್ವರ್ಸೇಷನ್ಸ್ (ಪ್ಲೇ ಸ್ಟೋರಿನಲ್ಲಿ ಹಣ, ಎಫ್-ಡ್ರಾಯ್ಡ್ ಎಂಬ ಇನ್ನೊಂದು ಆಪ್ ಅಂಗಡಿಯಲ್ಲಿ ಉಚಿತ), ಐಫೋನಿಗೆ ಮೊನಲ್. ಮೆಸೇಜ್ ತಡವಾದರೆ ತಪ್ಪು ಸರ್ವರಿನದಲ್ಲ. ಬ್ಯಾಟರಿ ಉಳಿಸಲು ಫೋನು ಆಪನ್ನು ಹಿಂದೆಯೇ ಕೊಂದಿರುತ್ತದೆ. ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಆಪಿಗೆ ಯಾವ ಕಡಿವಾಣವೂ ಬೇಡವೆಂದು ಹಾಕಿ; ಶಿಯೋಮಿ, ವಿವೊ, ಒಪ್ಪೊ ಫೋನುಗಳಲ್ಲಿ 'ಆಟೊಸ್ಟಾರ್ಟ್' ಅನುಮತಿಯನ್ನೂ ಬೇರೆಯಾಗಿ ಕೊಡಬೇಕು. ಖಾತೆ ಕೊಡುವ ದಿನವೇ ಪ್ರತಿ ಫೋನನ್ನೂ ಕೈಗೆ ತೆಗೆದುಕೊಂಡು ಇದನ್ನು ಮಾಡಿಬಿಡಿ.

ಇನ್ನೊಂದು ವಿಷಯ: ಆಫ್‌ಲೈನ್ ಇರುವವರಿಗೆ ಬಂದ ಮೆಸೇಜನ್ನು ಓಪನ್‌ಫೈರ್ ಒಬ್ಬರಿಗೆ 100 ಕೆಬಿವರೆಗೆ ಮಾತ್ರ ಹಿಡಿದಿಡುತ್ತದೆ. ಅದು ತುಂಬಿದ ಮೇಲೆ ಕಳಿಸಿದವರಿಗೇ ವಾಪಸ್ ಬರುತ್ತದೆ. ಹಬ್ಬಕ್ಕೆ ವಾರ ರಜೆ ಹೋದವರಿಗೆ ಸಾಲದು. 'ಆಫ್‌ಲೈನ್ ಮೆಸೇಜಸ್' ಪುಟದಲ್ಲಿ ಹೆಚ್ಚಿಸಿ.

ಕನ್ನಡದಲ್ಲಿ ಕಳಿಸಿದರೆ ಕಾಗುಣಿತ ಕೆಟ್ಟು ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಸರ್ವರ್ ಕನ್ನಡ ಒಪ್ಪುವುದಿಲ್ಲವೇ?

ಒಪ್ಪುತ್ತದೆ, ಎಕ್ಸ್‌ಎಂಪಿಪಿಯಲ್ಲಿ ಹರಿಯುವುದೆಲ್ಲ ಯುಟಿಎಫ್-8. ಎಡವಟ್ಟು ಟೈಪಿಸುವ ಕಡೆ ಇದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಪತ್ರವನ್ನು ಕಾಪಿ ಮಾಡಿ ಅಂಟಿಸಿದರೆ ಹೀಗಾಗುತ್ತದೆ, ಏಕೆಂದರೆ ಅದು ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ವೇಷ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿಕೊಂಡು ಟೈಪಿಸಿ, ಹಳೆಯ ಕಡತವನ್ನು ಪರಿವರ್ತಕದಲ್ಲಿ ಹಾಯಿಸಿ ಕಳಿಸಿ.

ಪೋಸ್ಟ್‌ಗ್ರೆಸ್ ಬಿಟ್ಟು ಮೈಎಸ್‌ಕ್ಯುಎಲ್ ಬಳಸಿದವರಿಗೆ ಇನ್ನೊಂದು ಕಿರಿಕಿರಿ: ಕನ್ನಡ ಬರುತ್ತದೆ, ಇಮೋಜಿ ಹಾಕಿದ ಮೆಸೇಜ್ ಮಾತ್ರ ದಾಖಲೆಯಲ್ಲಿ ಉಳಿಯುವುದಿಲ್ಲ. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ಇಮೋಜಿಗೆ ನಾಲ್ಕು. ಅದರ ಹಳೆಯ 'ಯುಟಿಎಫ್8' ಮೂರಕ್ಕೇ ನಿಲ್ಲುತ್ತದೆ. ಡೇಟಾಬೇಸನ್ನು 'ಯುಟಿಎಫ್8ಎಂಬಿ4' ಮಾಡಬೇಕು.

ಹಳೆಯ ಮಾತುಕತೆ ಉಳಿಸಬೇಕೇ? ಕಾನೂನು ಏನನ್ನುತ್ತದೆ?

ಉಳಿಸಲು 'ಮಾನಿಟರಿಂಗ್ ಸರ್ವಿಸ್' ಪ್ಲಗಿನ್ ಹಾಕಿ ಆರ್ಕೈವಿಂಗ್ ಆನ್ ಮಾಡಿ. ಆದರೆ ಫೋನಿನ ಆಪುಗಳಲ್ಲಿ ಒಮೆಮೊ ಎಂಬ ತುದಿಯಿಂದ ತುದಿಗೆ ಬೀಗ ಹಾಕುವ ಪದ್ಧತಿ ಇದೆ. ಅದು ಆನ್ ಇದ್ದರೆ ಸರ್ವರಿನಲ್ಲಿ ಉಳಿಯುವುದು ಓದಲಾಗದ ಗೀಚು, ಫೋನ್ ಬದಲಿಸಿದವರಿಗೂ ಹಳೆಯದು ತೆರೆಯುವುದಿಲ್ಲ. ದಾಖಲೆ ಬೇಕೋ ಬೀಗ ಬೇಕೋ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಆರ್ಡರ್, ಡಿಸ್ಪ್ಯಾಚ್ ಮಾತಿಗೆ ದಾಖಲೆಯೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಹಾಗೆ ಮಾಡುವುದಾದರೆ ಮಾತುಕತೆ ಉಳಿಯುತ್ತದೆ, ಇಂಥವರು ನೋಡಬಹುದು ಎಂದು ನೌಕರರಿಗೆ ಬರವಣಿಗೆಯಲ್ಲಿ ತಿಳಿಸಿ ಸಹಿ ಪಡೆಯಿರಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಸಿಸ್ಟಮ್ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು, ಅದು ಹೇಳುವ ಬಗೆಯ ಸೈಬರ್ ಘಟನೆ ನಡೆದರೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿಸಬೇಕು. ಲಾಗ್ ಎಂದರೆ ಯಾರು ಯಾವಾಗ ಲಾಗಿನ್ ಆದರು ಎಂಬಂಥ ದಾಖಲೆ, ನೌಕರರ ಮಾತಲ್ಲ. ಓಪನ್‌ಫೈರ್ ತನ್ನ ಲಾಗನ್ನು ಗಾತ್ರ ತುಂಬಿದಂತೆ ಹಳೆಯದರಿಂದ ಅಳಿಸುತ್ತ ಹೋಗುತ್ತದೆ. ಹಾಗಾಗಿ ದಿನಾ ರಾತ್ರಿ ಬೇರೆ ಕಡೆಗೆ ನಕಲು ಮಾಡಿಸಿ.

ಕರೆಂಟ್ ಹೋದರೆ?

ಸರ್ವರ್ 40 ವ್ಯಾಟ್, ರೌಟರ್, ಸ್ವಿಚ್, ಫೈಬರ್ ಡಬ್ಬ ಸೇರಿ 20, ಒಟ್ಟು 60 ಎಂದುಕೊಳ್ಳಿ. 600 ವಿಎ ಯುಪಿಎಸ್‌ನೊಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಗಂಟೆ ಇದ್ದರೂ ಅರ್ಧದಷ್ಟು ಕೈಗೆ ಸಿಕ್ಕರೆ ಪುಣ್ಯ. ಹೊಸದರಲ್ಲಿ ಅರ್ಧ ಗಂಟೆಯ ಆಸುಪಾಸು, ಎರಡು ವರ್ಷ ಕಳೆದರೆ ಹತ್ತು ನಿಮಿಷ. ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಕೆಲಸಕ್ಕೆ ದಿನವಿಡೀ ತೆಗೆದರೆ ಇದು ಸಾಲದು. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರಿಗೆ ಕೊಟ್ಟು, ಬ್ಯಾಟರಿ ತಳ ಮುಟ್ಟುವ ಮೊದಲೇ ಕ್ರಮವಾಗಿ ಆಫ್ ಆಗುವಂತೆ 'ನಟ್' ಎಂಬ ಸಾಫ್ಟ್‌ವೇರ್ ಹಾಕಿ. ಬಯಾಸಿನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ಕರೆಂಟ್ ಬಂದೊಡನೆ ತಾನೇ ಆನ್ ಆಗುವ ಆಯ್ಕೆ ಇರಲಿ. ಫೈಬರ್ ಡಬ್ಬವನ್ನೂ ಯುಪಿಎಸ್‌ಗೇ ಚುಚ್ಚಿ. ಅದನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟು 'ಸರ್ವರ್ ಆನ್ ಇದ್ದರೂ ಮಂಡ್ಯಕ್ಕೆ ಹೋಗ್ತಿಲ್ಲ' ಎನ್ನುವುದು ಸಾಮಾನ್ಯ.

ಕರೆಂಟ್ ಬಂದ ಮೇಲೆ ಯಾರಿಗೂ ಲಾಗಿನ್ ಆಗದೆ, ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ' ಎಂಬ ದೂರು ಬಂದರೆ ಸರ್ವರಿನ ತಾರೀಕು ನೋಡಿ. ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಸತ್ತಿದೆ.

ಆಯುಧಪೂಜೆಯ ದಿನ ಸರ್ವರನ್ನು ಆಫ್ ಮಾಡುವುದಾದರೆ ಪ್ಲಗ್ ಕೀಳದೆ ಕ್ರಮವಾಗಿಯೇ ಮಾಡಿ. ಅರಿಸಿನ ಕುಂಕುಮ ಡಬ್ಬದ ತಲೆಗೆ ಇರಲಿ, ಗಾಳಿಯ ಕಿಂಡಿಗೆ ಬೇಡ.

ಒಬ್ಬರು ಕೆಲಸ ಬಿಟ್ಟರೆ ಖಾತೆ ಅಳಿಸಬೇಕೇ?

ಅಳಿಸಬೇಡಿ, 'ಲಾಕ್ ಔಟ್' ಮಾಡಿ. ಅಳಿಸಿದ ಹೆಸರನ್ನೇ ಮುಂದೆ ಇನ್ನೊಬ್ಬರಿಗೆ ಕೊಟ್ಟರೆ ದಾಖಲೆಯಲ್ಲಿ ಇಬ್ಬರೂ ಒಬ್ಬರೇ ಆಗುತ್ತಾರೆ. ಅವರ ಫೋನಿನಲ್ಲಿ ಈಗಾಗಲೇ ಇಳಿದ ಮೆಸೇಜ್ ಸರ್ವರಿನಿಂದ ಅಳಿಯುವುದಿಲ್ಲ, ಲೆಕ್ಕ ಚುಕ್ತಾ ಮಾಡುವ ದಿನ ಆಪ್ ತೆಗೆಸಿ. ಗೇಟಿನಂಥ ಜಾಗದ ಖಾತೆಗಳ ಪಾಸ್‌ವರ್ಡನ್ನೂ ಅಂದೇ ಬದಲಿಸಿ.

ಬ್ಯಾಕಪ್ ಏನೇನು?

ನಾಲ್ಕು: ಪೋಸ್ಟ್‌ಗ್ರೆಸ್‌ನ ಡಂಪ್ (ಡೇಟಾಬೇಸಿನ ಪೂರ್ತಿ ನಕಲು), ಓಪನ್‌ಫೈರಿನ 'ಕಾನ್ಫ್' ಫೋಲ್ಡರ್, ಸರ್ಟಿಫಿಕೇಟುಗಳಿರುವ 'ಸೆಕ್ಯುರಿಟಿ' ಫೋಲ್ಡರ್, ಅಪ್‌ಲೋಡ್ ಆದ ಫೈಲುಗಳು. 'ಕಾನ್ಫ್' ಒಳಗಿನ ಸೆಕ್ಯುರಿಟಿ.ಎಕ್ಸ್‌ಎಂಎಲ್ ಬಿಟ್ಟುಹೋದರೆ ಗೂಢಲಿಪಿಯಲ್ಲಿಟ್ಟ ಸೆಟ್ಟಿಂಗುಗಳು ತೆರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ತಾನೇ ಆಗುವಂತೆ ಹಾಕಿ, ಒಂದು ಪ್ರತಿ ತೂಬಿನಕೆರೆಗೆ ಹೋಗಲಿ. ಮಿರರ್ ಡಿಸ್ಕ್ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ್ದನ್ನು ಎರಡೂ ಡಿಸ್ಕ್ ಒಟ್ಟಿಗೇ ಅಳಿಸುತ್ತವೆ. ಮೂರು ತಿಂಗಳಿಗೊಮ್ಮೆ ಇಂಟರ್ನೆಟ್ಟಿಲ್ಲದ ಹಳೆಯ ಕಂಪ್ಯೂಟರಿಗೆ ಆ ಪ್ರತಿಯನ್ನು ಇಳಿಸಿ ಲಾಗಿನ್ ಆಗಿ ನೋಡಿ. ಡಂಪ್ ಫೈಲು ದಿನಾ ಬರುತ್ತಿದ್ದರೂ ಒಳಗೆ ಸೊನ್ನೆ ಬೈಟ್ ಇರುವುದು ಆಗಲೇ ತಿಳಿಯುವುದು.

ಅಡ್ಮಿನ್ ಪಾಸ್‌ವರ್ಡ್ ಮರೆತುಹೋಗಿದೆ. ಎಲ್ಲ ಮೊದಲಿಂದ ಮಾಡಬೇಕೇ?

ಇಲ್ಲ. ಸೇವೆ ನಿಲ್ಲಿಸಿ, ಓಪನ್‌ಫೈರ್.ಎಕ್ಸ್‌ಎಂಎಲ್ ಫೈಲಿನ ನಕಲು ಇಟ್ಟುಕೊಂಡು, ಅದರಲ್ಲಿ 'ಸೆಟಪ್' ಎಂಬ ಸಾಲಿನ 'ಟ್ರೂ' ತೆಗೆದು 'ಫಾಲ್ಸ್' ಬರೆಯಿರಿ. ಸೇವೆ ಶುರು ಮಾಡಿದರೆ ಮೊದಲಿನ ಸೆಟಪ್ ಪುಟಗಳು ಮತ್ತೆ ಬರುತ್ತವೆ. ಅದೇ ಡೊಮೇನ್, ಅದೇ ಡೇಟಾಬೇಸ್ ಕೊಡುತ್ತ ಹೋಗಿ ಅಡ್ಮಿನ್ ಪುಟದಲ್ಲಿ ಹೊಸ ಪಾಸ್‌ವರ್ಡ್ ಹಾಕಿ. ಡೊಮೇನ್ ಒಂದಕ್ಷರ ಬೇರೆಯಾದರೂ ಯಾರಿಗೂ ಲಾಗಿನ್ ಆಗದು, ಆದ್ದರಿಂದ ನಕಲು ಮಾಡುವ ಹೊತ್ತಿಗೇ ಹಳೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿರಿ.